ಮಾರ್ತಮ್ಮ ಪತ್ರ ಒಡೆದಳೇ?

ಹೋದ ಶುಕ್ರವಾರ ನಮ್ಮ ಮನೆಯಲ್ಲಿ ರೊಟ್ಟಿ ಇಲ್ಲದೆ ಬರೀ ಅನ್ನ ಸಾರು ಉಂಡೆವು. ಕಾರಣ, ಮಾರ್ತಮ್ಮ.

ಮುದ್ದೇಬಿಹಾಳದ ನಮ್ಮ ಓಣಿಯ ತುದಿಗೆ ಗಂಗವ್ವನ ಖಡಕ್ ರೊಟ್ಟಿ ಕೇಂದ್ರವಿದೆ. ವಾರಕ್ಕೊಮ್ಮೆ ಶಾಲೆಯಲ್ಲಿ ಪಾಠ ಮುಗಿಸಿ ಅಲ್ಲಿ ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಹೋಗುವುದು ನನ್ನ ರೂಢಿ. ಅವತ್ತು ಹೋದರೆ ಒಲೆಗಳು ತಣ್ಣಗಿದ್ದವು. ಗಂಗವ್ವ ಮತ್ತು ಅವಳ ಮೂವರು ಕೆಲಸದವರು ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತಿದ್ದರು.

"ಇವತ್ತ ರೊಟ್ಟಿ ಇಲ್ರಿ ಅಕ್ಕೋರ," ಎಂದಳು ಗಂಗವ್ವ. "ಮಾರ್ತಮ್ಮಂದು ಬಗೀಹರೀಲಿ, ಆಮ್ಯಾಲ ನೋಡೂಣು."

ಯಾರು ಈ ಮಾರ್ತಮ್ಮ? ಹೊಸದಾಗಿ ಕೆಲಸಕ್ಕೆ ಸೇರಿದವರೇ? ಮೈಗೆ ಹುಷಾರಿಲ್ಲವೇ? "ದವಾಖಾನಿಗೆ ಹೋಗೂದಿದ್ರ ನನ್ನ ಸ್ಕೂಟಿ ಐತಿ," ಎಂದೂ ಹೇಳಿಬಿಟ್ಟೆ. (ಪರೋಪಕಾರದ ಹುಮ್ಮಸ್ಸು ನನಗೆ ಸ್ವಲ್ಪ ಜಾಸ್ತಿ.) ಅಷ್ಟು ಸಿಟ್ಟಿನ ನಡುವೆಯೂ ನಾಲ್ವರೂ ಒಟ್ಟಿಗೆ ನಕ್ಕರು.

ಮಾರ್ತಮ್ಮ ಒಂದು ಕಾದಂಬರಿಯ ಪಾತ್ರ!

ರೊಟ್ಟಿ ಸುತ್ತಿಕೊಡಲು ಗಂಗವ್ವ ಸಿಂದಗಿಯಿಂದ ರದ್ದಿ ತರಿಸುತ್ತಾಳೆ. ಆ ಗಂಟಿನಲ್ಲಿ ಬಂದದ್ದು ಈ ಪುಸ್ತಕ. ರಟ್ಟು ಹರಿದಿದೆ, ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಹಳೆಯ ಕಾಲದ ಕ್ರೈಸ್ತ ಕಾದಂಬರಿ. ಯಾವುದೋ ಚಳಿದೇಶದ ವಿಧವೆ ಮಾರ್ತಮ್ಮ. ತಾಯಿಯ ಮಾತು ಮೀರಿ ಬಡ ನಾವಿಕನನ್ನು ಮದುವೆಯಾಗಿ ಹೋದ ಮಗಳು ಎಸ್ತೇರ. ಮಗಳು ಪತ್ರ ಬರೆಯುತ್ತಲೇ ಇರುತ್ತಾಳೆ. ತಾಯಿ ಒಂದನ್ನೂ ಒಡೆಯದೆ ಬೈಬಲ್ಲಿನೊಳಗಿಟ್ಟು ಮೊಣಕಾಲೂರಿ ಪ್ರಾರ್ಥಿಸುತ್ತಾಳೆ.

ಓದಿ ಹೇಳುವವಳು ರೆಹಾನಾ, ಡಿಗ್ರಿ ಮುಗಿಸಿದ ಹುಡುಗಿ. ದಿನಕ್ಕೊಂದು ಅಧ್ಯಾಯ. ಅವಳು ಓದುವಷ್ಟು ಹೊತ್ತು ಅವಳ ಪಾಲಿನ ರೊಟ್ಟಿಯನ್ನು ಉಳಿದವರು ಬಡಿಯುತ್ತಾರೆ. ಇದು ಅವರ ನಡುವಿನ ಒಪ್ಪಂದ.

ನನಗೋ ಕುತೂಹಲ. ಚರ್ಚಿನ ಮೆಟ್ಟಿಲು ಹತ್ತದ, ಹಿಮ ಕಾಣದ ಈ ಹೆಂಗಸರಿಗೆ ಇದರಲ್ಲಿ ಏನು ಸಿಕ್ಕಿತು? ಹಿಮ ಅಂದರೇನು ಗೊತ್ತೇ ಎಂದು ಕೇಳಿದೆ. (ಪಾಠ ಮಾಡುವವರ ಚಟ, ಬಿಡುವುದಿಲ್ಲ.)

"ಆಣಿಕಲ್ಲಿನಂಗರಿ. ಆದ್ರ ಮೆತ್ತಗ ಇರ್ತಾವು, ದಿನಾ ಬೀಳ್ತಾವು," ಎಂದಳು ಗಂಗವ್ವ. "ಅಷ್ಟು ಥಂಡ್ಯಾಗ ಆ ಮುದುಕಿ ಮಗಳ ಪತ್ರ ಎದಿಗಿ ಹಚ್ಕೊಂಡು ಕುಂದರ್ತಾಳ, ಒಡಿಯಂಗಿಲ್ಲ. ಇಂಥಾ ಹಟಮಾರಿನ್ನ ನಾ ನೋಡಿಲ್ಲ ಬಿಡ್ರಿ." ಹಾಗೆನ್ನುತ್ತ ಓರೆಗಣ್ಣಿನಿಂದ ಶಿವವ್ವನನ್ನು ನೋಡಿದಳು.

ವಿಷಯ ಇದ್ದದ್ದೇ ಅಲ್ಲಿ. ಶಿವವ್ವ ಅವರಲ್ಲಿ ಎಲ್ಲರಿಗಿಂತ ಹಿರಿಯಳು. ಅವಳ ಒಬ್ಬಳೇ ಮಗಳು ಕವಿತಾ, ಕ್ಲಾಸ್‌ಮೇಟ್ ಒಬ್ಬನನ್ನು ತಾನೇ ಮೆಚ್ಚಿ ಮದುವೆಯಾಗಿ ಬಸವನ ಬಾಗೇವಾಡಿಯಲ್ಲಿದ್ದಾಳೆ. ಮೂರು ವರ್ಷದಿಂದ ಶಿವವ್ವ ಅವಳ ಫೋನ್ ಎತ್ತಿಲ್ಲ. ಮೊಮ್ಮಗಳ ಮುಖ ನೋಡಿಲ್ಲ. ಕವಿತಾ, ರೆಹಾನಾ ಕಾಲೇಜಿನಲ್ಲಿ ಒಂದೇ ಬೆಂಚಿನ ಗೆಳತಿಯರು.

ಅವತ್ತು ಮಧ್ಯಾಹ್ನ ರೆಹಾನಾ ಕೊನೆಯ ಅಧ್ಯಾಯ ಓದಿದ್ದಳಂತೆ. ಮಾರ್ತಮ್ಮ ಪತ್ರ ಒಡೆದು, ಹಿಮದಲ್ಲಿ ನಡೆದುಕೊಂಡೇ ಹೋಗಿ ಮಗಳನ್ನು ತಬ್ಬಿಕೊಂಡಳು ಎಂದು. ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಂಡರೆ ಶಿವವ್ವ ಮಾತ್ರ ಹಿಟ್ಟಿನ ಮುದ್ದೆಯನ್ನು ಪರಾತಕ್ಕೆ ಎಸೆದು ಎದ್ದಿದ್ದಳು.

"ಸುಳ್ಳ ಓದ್ಯಾಳ್ರಿ ಇಕಿ," ಎಂದು ನನಗೂ ದೂರು ಕೊಟ್ಟಳು. "ನನಗ ಅಕ್ಷರ ಬರೂದಿಲ್ಲ, ಖರೆ. ಕಣ್ಣ ಅದಾವಲ್ಲ? ಒಂದ ಹಾಳಿ ತಿರುವ್ಲಾರದ ಅಷ್ಟುದ್ದ ಹೆಂಗ ಓದಿದ್ಲು? ನೀವ ಓದ್ರಿ ಅಕ್ಕೋರ. ಅದರಾಗ ಏನೈತಿ, ಅದನ್ನ ಅಷ್ಟ."

ಪುಸ್ತಕ ನನ್ನ ಕೈಗೆ ಬಂತು. ಇಂಥ ಪುಸ್ತಕಗಳೆಂದರೆ ನನಗೆ ಮೊದಲಿಂದಲೂ ತಾತ್ಸಾರ. ಪುಟಕ್ಕೆ ಮೂರು ಪ್ರಾರ್ಥನೆ, ಎರಡು ಮೂರ್ಛೆ, ಒಂದು ಉಪದೇಶ. ಒಳ್ಳೆಯವರಿಗೆ ಕಷ್ಟ, ಕಷ್ಟದ ಕೊನೆಗೆ ಸುಖ. ಇನ್ನೇನಿರುತ್ತದೆ? ಹಾಗಂದುಕೊಂಡೇ ಕೊನೆಯ ಪುಟಗಳ ಮೇಲೆ ಕಣ್ಣಾಡಿಸಿದೆ.

ಮಾರ್ತಮ್ಮ ಪತ್ರ ಒಡೆಯುವುದೇ ಇಲ್ಲ. ಹಾಗೆಯೇ ಸಾಯುತ್ತಾಳೆ. ಎಸ್ತೇರ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿರುತ್ತದೆ. ಅವಳು ಬರೆದ ಪತ್ರಗಳನ್ನು ಊರ ಪಾದ್ರಿ ಅವಳ ಕೈಗೇ ವಾಪಸ್ ಕೊಡುತ್ತಾರೆ.

ರೆಹಾನಾ ಬೇಡ ಎಂದು ಕಣ್ಣಲ್ಲೇ ಅಂಗಲಾಚುತ್ತಿದ್ದಳು. ಒಂದು ಸುಳ್ಳು ಓದಿದರೆ ತಾಯಿ ಮಗಳು ಒಂದಾದಾರು. ನಿಜ ಓದಿದರೆ ಶಿವವ್ವನ ಹಟಕ್ಕೆ ಪುಸ್ತಕವೇ ಸಾಕ್ಷಿ ಹೇಳಿದಂತಾದೀತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ನಿಜ ಓದಿದೆ. ಧೈರ್ಯದಿಂದಲ್ಲ, ಕೂತಲ್ಲೇ ಸುಳ್ಳು ಕಟ್ಟುವಷ್ಟು ಚುರುಕು ನನಗಿಲ್ಲ. ಪತ್ರಗಳು ಮಗಳ ಕೈಗೆ ಬರುವ ಸಾಲನ್ನು ನಾನೇ ತಡವರಿಸಿ ಎರಡು ಸಲ ಓದಿದೆ. ನಾಚಿಕೆಯೂ ಆಯಿತು.

"ಸತ್ಲಾ?" ಎಂದಳು ಶಿವವ್ವ.

"ಹೂಂ."

"ಒಂದೂ ಒಡೀದನ?"

"ಒಂದೂ ಒಡದಿಲ್ಲ."

ಅವಳು ಪರಾತದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಆಮೇಲೆ ರೆಹಾನಾಳತ್ತ ತಿರುಗಿ, "ಇಂಥಾದನ್ನ ಮುಚ್ಚಿಡ್ತಾರೇನ ಹುಚ್ಚಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಮನೆಗೆ ಬಂದರೂ ಆ ಹೆಸರಿಲ್ಲದ ಲೇಖಕರೇ ತಲೆಯಲ್ಲಿ. ಅಷ್ಟು ದೈವಭಕ್ತರು, ಪುಟಕ್ಕೆ ಮೂರು ಸಲ ಪ್ರಾರ್ಥಿಸುವ ಹೆಂಗಸು ಮಗಳನ್ನು ಕ್ಷಮಿಸದೆಯೇ ಸಾಯುವಂತೆ ಬರೆದರಲ್ಲ! ದೇವರ ಮುಂದೆ ದಿನಾ ಮೊಣಕಾಲೂರುವವರಿಗೂ ಮಗಳ ಮುಂದೆ ತಲೆ ಬಾಗದೇ ಹೋಗಬಹುದು. ಇದನ್ನು ಬರೆಯಲು ಎಂಥ ಎದೆಗಾರಿಕೆ ಬೇಕು? ಓದದೆಯೇ ನಗುತ್ತಿದ್ದವಳು ನಾನು.

ಈ ಶುಕ್ರವಾರ ರೊಟ್ಟಿ ಸಿಕ್ಕಿತು. ಸುದ್ದಿಯೂ ಸಿಕ್ಕಿತು. ಶಿವವ್ವ ಭಾನುವಾರ ಬಾಗೇವಾಡಿಯ ಬಸ್ಸು ಹತ್ತಿದ್ದಳಂತೆ. ಕವಿತಾ ಬಾಗಿಲು ತೆರೆಯಲಿಲ್ಲ. ಮಗುವೊಂದು ಕಿಟಕಿಯಿಂದ ಇಣುಕಿ ಒಳಗೆ ಓಡಿತಂತೆ. ಶಿವವ್ವ ಒಂದು ತಾಸು ಅಂಗಳದಲ್ಲಿ ನಿಂತು ವಾಪಸ್ ಬಂದಿದ್ದಾಳೆ. ಈ ಭಾನುವಾರ ಮತ್ತೆ ಹೋಗುತ್ತಾಳಂತೆ.

ನನಗೆ ಕೆಟ್ಟ ಸಿಟ್ಟು ಬಂತು. "ಹಡದ ತಾಯಿನ್ನ ಹೊರಗ ನಿಂದರ್ಸಿದಾಕಿ ಮನಿಗೆ ಮತ್ತ್ಯಾಕ ಹೋಗ್ತೀರಿ?" ಎಂದೆ.

ಶಿವವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮೂರು ವರ್ಷ ನಾ ಆಕಿನ್ನ ಹೊರಗ ನಿಂದರ್ಸೇನ್ರಿ ಅಕ್ಕೋರ. ನಾ ಒಂದ ತಾಸು ನಿಂತ್ರ ಮುಗೀತೇನು?"