ಅತ್ತೆ ನೆನೆಯದ ಮಳೆ

ಪವಾಡ, ಮಹಿಮೆ ಎಂದು ಯಾರಾದರೂ ಮಾತು ಶುರುಮಾಡಿದರೆ ಮೆಲ್ಲಗೆ ಎದ್ದು ಹೋಗುವವಳು ನಾನು. ನೀವೂ ಹಾಗೇ ಇದ್ದರೆ ಇದನ್ನು ನಂಬಿ ಎಂದು ಒತ್ತಾಯಿಸಲಾರೆ. ಆದರೆ ಆ ದಿನ ಅತ್ತೆಯ ಸೆರಗು ಮುಟ್ಟಿ ನೋಡಿದ ಕೈ ನನ್ನದೇ.

ಕೆಲವು ವರ್ಷಗಳ ಹಿಂದಿನ ಮಾತು. ಅತ್ತೆಯ ಕಣ್ಣಿನ ಪೊರೆ ತೆಗೆಸಿ ತಿಂಗಳು ತುಂಬಿರಲಿಲ್ಲ. ಕಣ್ಣು ನಿಚ್ಚಳವಾದದ್ದೇ ತಡ, ಅವರಿಗೆ ಕಂಡದ್ದೆಲ್ಲ ಹೊಸದು. “ಬಳ್ಳಿಗಾವಿ ಕಲ್ಲು ನೋಡ್ಬೇಕು ಕಣೇ. ಇಷ್ಟು ವರ್ಷ ಬರೀ ಮಬ್ಬು ನೋಡಿದ್ದಾಯ್ತು” ಎಂದು ಹಟ ಹಿಡಿದರು. ಕಣ್ಣಿಗೆ ನೀರು ತಾಗಲೇಬಾರದು ಎಂದಿದ್ದರು ಡಾಕ್ಟರು. ಬೆಳಿಗ್ಗೆ ಒಳ್ಳೇ ಬಿಸಿಲಿತ್ತು. ನಾನು, ನನ್ನ ಗಂಡ, ಮಗಳು, ಅತ್ತೆ ಸೊರಬದಿಂದ ಕಾರಿನಲ್ಲಿ ಹೊರಟೆವು.

ಅಲ್ಲಿ ದೇವಸ್ಥಾನದ ಪಕ್ಕದ ಬಯಲಿನಲ್ಲಿ, ಸುತ್ತಮುತ್ತ ಸಿಕ್ಕ ವೀರಗಲ್ಲು, ಶಾಸನ, ಮೂರ್ತಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಮೇಲೆ ಸೂರಿಲ್ಲ, ಹತ್ತಿರದಲ್ಲಿ ಮರವೂ ಇಲ್ಲ. ಅತ್ತೆ ಒಂದೊಂದು ಕಲ್ಲಿನ ಮುಂದೂ ನಿಂತುಬಿಡುತ್ತಿದ್ದರು. ಕೈಬಳೆಯ ಸಣ್ಣ ಗೆರೆ, ಜಡೆಯ ಹೆಣಿಗೆ, ಸತ್ತ ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೊಯ್ಯುವ ಹೆಂಗಸರ ತುಟಿಯಂಚಿನ ನಗು. ಎಷ್ಟೋ ಸಲ ಅಲ್ಲಿಗೆ ಹೋಗಿದ್ದ ನನಗೂ ಅವರು ತೋರಿಸಿದ ಮೇಲೇ ಅವೆಲ್ಲ ಕಂಡದ್ದು. ಏನು ಕೈಗಳಪ್ಪಾ ಅವು, ಕಲ್ಲಿಗೆ ಉಸಿರು ತುಂಬಿದ ಕೈಗಳು!

ಮಳೆ ಹೇಳದೆ ಕೇಳದೆ ಸುರಿಯಿತು. ಮಗಳನ್ನು ಎಳೆದುಕೊಂಡು ದೇವಸ್ಥಾನದ ಮಂಟಪಕ್ಕೆ ಓಡಿದೆ. ಇನ್ನೊಂದು ಬದಿಯಿಂದ ಗಂಡ ಓಡಿಬಂದರು.

“ಅಮ್ಮ ಎಲ್ಲಿ?”

“ನಿಮ್ ಜೊತೆ ಇದ್ರಲ್ರೀ!”

ಮಗಳನ್ನು ಅಲ್ಲೇ ನಿಲ್ಲಿಸಿ ಇಬ್ಬರೂ ಮಳೆಗಿಳಿದೆವು. ಎದುರಿನ ಕಲ್ಲೂ ಕಾಣದಂಥ ಮಳೆ. ಕೂಗಿದ್ದು ನಮಗೇ ಕೇಳಿಸುತ್ತಿರಲಿಲ್ಲ. ಆ ಕಣ್ಣಿನ ಗತಿಯೇನು ಎಂದುಕೊಳ್ಳುತ್ತಾ ಹುಡುಕಿದೆ. ಕೊನೆಯ ಸಾಲಿನಲ್ಲಿ ಅತ್ತೆ ಒಂದು ವೀರಗಲ್ಲಿನ ಮುಂದೆ ಬಗ್ಗಿ ನಿಂತಿದ್ದರು.

ತಲೆ ಮುಚ್ಚೋಣವೆಂದು ಅವರ ಸೆರಗಿಗೆ ಕೈಹಾಕಿದೆ. ಸೆರಗು ಒಣಗಿತ್ತು. ಕೂದಲೂ ಒಣಗಿತ್ತು. ಕಪ್ಪು ಕನ್ನಡಕದ ಮೇಲೆ ಒಂದು ಹನಿಯಿಲ್ಲ. ಸುತ್ತ ಹುಲ್ಲಿನ ಮೇಲೆ ನೀರು ಹರಿಯುತ್ತಿತ್ತು.

“ಈ ಕುದುರೆ ನೋಡೇ, ಮೂಗಿನ ಹೊಳ್ಳೆ ಹೆಂಗೆ ಅರಳಿಸಿದೆ” ಎನ್ನುತ್ತಾ ತಿರುಗಿದವರು ನನ್ನನ್ನು ಕಂಡು ಗಾಬರಿಯಾದರು. “ಅಯ್ಯೋ, ನೀನ್ಯಾಕೆ ಹಿಂಗೆ ನೆಂದಿದೀಯಾ?”

ತಲೆ, ಕಣ್ಣು ಮುಚ್ಚುವಂತೆ ಅವರಿಗೆ ಸೆರಗು ಹೊದಿಸಿದೆ. ಅವರನ್ನು ತಬ್ಬಿಕೊಂಡು ಮಂಟಪಕ್ಕೆ ಕರೆತಂದೆ. ಆ ದಾರಿಯಲ್ಲಿ ಮಾತ್ರ ಅವರ ಸೀರೆಯೂ ನೆನೆಯಿತು.

ಕಲ್ಲು ಗಾಳಿಗೆ ಅಡ್ಡವಿತ್ತು, ಅದಕ್ಕೇ ಹನಿ ತಾಗಿಲ್ಲ ಎಂದು ಗಂಡ ಇವತ್ತಿಗೂ ವಾದಿಸುತ್ತಾರೆ. ಆ ಕಲ್ಲು ಅತ್ತೆಯ ಎದೆಮಟ್ಟಕ್ಕೂ ಬರುವುದಿಲ್ಲ. ಅತ್ತೆಯನ್ನೇ ಕೇಳಿದರೆ, ನಾನು ಹೋಗಿ ತಬ್ಬಿಕೊಳ್ಳುವವರೆಗೂ ಮಳೆ ಬಂದದ್ದೇ ಅವರಿಗೆ ಗೊತ್ತಿರಲಿಲ್ಲವಂತೆ.

ಮುಂದಿನ ಮಳೆಗಾಲದಲ್ಲಿ ಒಬ್ಬಳೇ ಹೋಗಿ ಅದೇ ಜಾಗದಲ್ಲಿ ನಿಂತೆ. ಮಳೆ ಬಂತು. ನೋಡನೋಡುತ್ತಿದ್ದಂತೆ ಪೂರಾ ನೆನೆದೆ. ಆದರೂ ಕಾಲು ಕೀಳಲು ಮನಸ್ಸಾಗಲಿಲ್ಲ.