ಐದು ಬಾಟ್ಲಿ, ಆಮೇಲೆ ಅರ್ಧ

ಬೆಳಿಗ್ಗೆ ವಾಕಿಂಗ್ ಹೋದಾಗ ರಸ್ತೆ ಪಕ್ಕ ಖಾಲಿ ಕ್ವಾರ್ಟರ್ ಬಾಟಲಿ ಬಿದ್ದಿತ್ತು. ಅದರ ಮೇಲಿನ ‘180 ಮಿ.ಲೀ.’ ಕಂಡು ಗುಬ್ಬಿಯ ನಮ್ಮ ಅಡುಗೆಮನೆ ನೆನಪಾಯಿತು.

ಆವತ್ತು ಪುಟ್ಟ ತಂಗಿಗೆ ವಾಂತಿಭೇದಿ. ಕಣ್ಣು ಗುಳಿ ಬಿದ್ದು, ಅಳುವುದನ್ನೂ ನಿಲ್ಲಿಸಿದ್ದಳು. ನರ್ಸ್ ಓಆರ್‌ಎಸ್ ಪೊಟ್ಟಣ ಕೊಟ್ಟು, "ಸರಿಯಾಗಿ ಒಂದು ಲೀಟರ್ ನೀರಿಗೆ ಹಾಕಿ. ನೀರು ಕಮ್ಮಿಯಾದ್ರೆ ಮಗೂಗೆ ಅಪಾಯ" ಅಂದಿದ್ದರು. ಮನೆಯಲ್ಲಿ ಇದ್ದದ್ದು ಅಕ್ಕಿ ಅಳೆಯುವ ಪಾವು, ಸೇರು ಮಾತ್ರ.

ಅಜ್ಜಿ ಎದ್ದು, ಸೌದೆ ರಾಶಿಯ ಹಿಂದೆ ಕೈ ಹಾಕಿ ಚಿಕ್ಕಪ್ಪನ ಬಾಟಲಿ ತೆಗೆದಳು. ಅದು ಅವಳಿಗೆ ಗೊತ್ತಿಲ್ಲವೆಂದೇ ಅವನು ನಂಬಿದ್ದ.

"ಇದ್ರಲ್ಲಿ ಎಷ್ಟು ಹಿಡೀತದ್ಲಾ?"

"ನೂರಾ ಎಂಬತ್ತು ಎಮ್ಮೆಲ್ ಕಣವ್ವ" ಅಂದ ಚಿಕ್ಕಪ್ಪ, ತಲೆ ತಗ್ಗಿಸಿ.

ಅಮ್ಮ ಇದ್ದದ್ದನ್ನು ಚೆಲ್ಲಿ, ಬಿಸಿನೀರಲ್ಲಿ ಉಜ್ಜಿ ತೊಳೆದಳು. ಲೀಟರಿಗೆ ಸಾವಿರ ಮಿಲಿಲೀಟರ್ ಎಂದು ಶಾಲೆಯಲ್ಲಿ ಕಲಿತಿದ್ದವಳು ನಾನೊಬ್ಬಳೇ. ಸ್ಲೇಟಿನ ಮೇಲೆ ಲೆಕ್ಕ ಮಾಡಿದೆ. ಐದು ಸಲಕ್ಕೆ ಒಂಬೈನೂರು, ಉಳಿದದ್ದು ನೂರು.

"ಐದು ಬಾಟ್ಲಿ, ಆಮೇಲೆ ಅರ್ಧಕ್ಕಿಂತ ಚೂರು ಜಾಸ್ತಿ" ಅಂದೆ.

"ಇನ್ನೊಂದ್ಸಲ ನೋಡೇ" ಅಂದಳು ಅಮ್ಮ. ನೋಡಿದೆ. ಮತ್ತೆ ಅದೇ ಬಂತು. ಆದರೂ ಮೊದಲ ಚಮಚ ತಂಗಿಯ ತುಟಿಗೆ ತಾಗಿದಾಗ, ಲೆಕ್ಕ ತಪ್ಪಿದ್ದರೆ ಎಂದು ಹೆದರಿ ಕಣ್ಣು ಮುಚ್ಚಿಕೊಂಡೆ. ಸಂಜೆ ಅವಳು ಜೋರಾಗಿ ಅಳುವವರೆಗೂ ಆ ಹೆದರಿಕೆ ಬಿಡಲಿಲ್ಲ.

ಇವತ್ತು ಮನೆಗೆ ಬಂದವಳೇ ಕುಣಿಗಲ್‌ನಲ್ಲಿರುವ ತಂಗಿಗೆ ಫೋನ್ ಮಾಡಿದೆ.

"ಏನಕ್ಕ, ಇಷ್ಟೊತ್ತಿಗೇ?"

"ಏನಿಲ್ಲ ಕಣೇ, ಸುಮ್ನೆ. ನೀನು ಮಾತಾಡ್ತಿರು" ಅಂದೆ.