ಸಾಕವ್ವ ಕೂರುವ ಕಡೆಯ ಟೈರು

ಇವತ್ತು ಬೆಳಿಗ್ಗೆ ಸಾಕವ್ವನ್ನ ಗಾಡಿ ಹತ್ತಬೇಡ ಅಂದ್ಬಿಟ್ಟೆ ಕಣ್ರಪ್ಪಾ. ದಿನಾ ಸೊಪ್ಪಿನ ಗಂಟು ಹಿಡ್ಕೊಂಡು ರಾವಂದೂರಿಂದ ಪಿರಿಯಾಪಟ್ಟಣದವರೆಗೂ ನನ್ನ ಪಕ್ಕ ಕೂತು ಬರೋ ಮುದುಕಿ. ನನ್ನ ಹಳೇ ಪಿಕಪ್ಪು ಸಿಕ್ಕಾಪಟ್ಟೆ ಡೀಸೆಲ್ ಕುಡೀತಿದೆ. ತೂಕ ಇಳಿಸು ಅಂತ ಯಾರೋ ಹೇಳಿದ್ರು. ಇಳಿಸೋಕೆ ನಂಗೆ ಅವಳೇ ಕಾಣಿಸಿದ್ಲು.

"ಮೈಲೇಜ್ ಬತ್ತಿಲ್ಲ ಕಣವ್ವ, ನೀನು ಬಸ್ಸಲ್ಲಿ ಬಾ" ಅಂದೆ.

"ಆಯ್ತು ಬುಡಪ್ಪ" ಅಂದು ಗಂಟು ಕೆಳಗಿಟ್ಳು.

ಪಿರಿಯಾಪಟ್ಟಣದ ಪಂಕ್ಚರ್ ಅಂಗಡೀಲಿ ನೋಡಿಸಿದ್ರೆ ಅವಳು ಕೂರೋ ಎಡಗಡೆ ಟೈರುಗಳಲ್ಲಿ ಅರ್ಧ ಗಾಳೀನೂ ಇಲ್ಲ, ಡೀಸೆಲ್ ಕುಡೀತಿದ್ದಿದ್ದು ಅದಕ್ಕೇ. ತಿಂಗಳಿಂದ ಅವಳು "ಗಾಡಿ ನನ್ ಕಡೀಕೇ ವಾಲ್ತದೆ, ಒಸಿ ನೋಡ್ಸಪ್ಪ" ಅಂತಿದ್ಲು. "ನೀನೇ ದಪ್ಪ ಆಗಿದ್ದೀಯ" ಅಂತ ನಾನು ನಗ್ತಿದ್ದೆ.

ಗಾಳಿ ತುಂಬಿಸ್ಕೊಂಡು ವಾಪಸ್ ಓಡಿಸಿದೆ. ರಾವಂದೂರಿನ ಬಸ್ ಸ್ಟಾಪಲ್ಲಿ ಯಾರೂ ಇರಲಿಲ್ಲ.

ಗಾಡಿ ಈಗ ಹಗುರಾಗಿ ಓಡ್ತಿದೆ. ಅದರಲ್ಲಿದ್ದ ಒಬ್ಬಳೇ ಮೆಕ್ಯಾನಿಕ್ಕನ್ನ ಮಾತ್ರ ನಾನೇ ಇಳಿಸಿದ್ದೀನಿ.